ನಿಮ್ಮ ಫ್ಲೈಟ್ ಪ್ಲಾನ್ ಓದುವವರು ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಿಮಾನ ಕಲಿಯುವ ಹುಡುಗ ಹುಡುಗಿಯರವು. 2021ರಲ್ಲಿ ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲಿ ಪೈಲಟ್ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟ ಮೇಲೆ ನಮ್ಮ ಭಾಗದವರಿಗೆ ಈ ಓದು ಹತ್ತಿರಾಯಿತು, ಅದಕ್ಕೇ ಇರಬೇಕು. ಎಲ್ಲರ ಪ್ರಶ್ನೆಯೂ ಸುತ್ತಿ ಬಳಸಿ ಫ್ಲೈಟ್ ಪ್ಲಾನ್ (ಹಾರುವ ಮೊದಲು ತುಂಬಿ ಕೊಡುವ ಹಾರಾಟದ ವಿವರ) ಮತ್ತು ನೋಟಾಮ್ (ಪೈಲಟ್‌ಗಳಿಗೆ ಬರುವ ತುರ್ತು ಸೂಚನೆ) ಹತ್ತಿರವೇ ಬಂದು ನಿಂತಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ತಳ್ಳಿ ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಸ್ಟೂಡೆಂಟ್ ಪೈಲಟ್. ಏರ್‌ಫೀಲ್ಡ್ ಸುತ್ತ ಸರ್ಕ್ಯೂಟ್ ಹೊಡೆಯುವ ದಿನ ಟವರ್‌ಗೆ ಹೇಳಿ ಹೊರಟುಬಿಡುತ್ತೇವೆ. ಕ್ರಾಸ್‌ಕಂಟ್ರಿ ಅಂದ ಕೂಡಲೇ ಫ್ಲೈಟ್ ಪ್ಲಾನ್, ಎಫ್‌ಐಸಿ ನಂಬರ್, ಎಡಿಸಿ ನಂಬರ್ ಅಂತ ಓಡಾಟ ಶುರು. ಪುಟ್ಟ ಸೆಸ್ನಾ ವಿಮಾನಕ್ಕೆ ಇಷ್ಟೆಲ್ಲ ಬೇಕಾ?
(ರಾಣೆಬೆನ್ನೂರು)

ಉತ್ತರ: ಬೇಕು ತಮ್ಮಾ. ಸರ್ಕ್ಯೂಟ್ ಹೊಡೆಯುವಾಗ ಟವರ್‌ನಲ್ಲಿ ಕೂತವರ ಕಣ್ಣೆದುರೇ ಇರುತ್ತೀರಿ. ಆ ಊರು ಬಿಟ್ಟು ಹೊರಟ ಮೇಲೆ ನೀವು ಯಾರು, ಎಲ್ಲಿಗೆ ಹೊರಟಿರಿ, ಎಷ್ಟು ಹೊತ್ತಿಗೆ ಮುಟ್ಟಬೇಕು ಅನ್ನೋದು ಗೊತ್ತಾಗೋದು ಆ ಕಾಗದದಿಂದ ಮಾತ್ರ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೋದ ಎರಡನೇ ಅನುಬಂಧ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಏರ್ ಟ್ರಾಫಿಕ್ ಕಂಟ್ರೋಲ್ (ಎಟಿಸಿ) ಸೇವೆ ಪಡೆಯುವ ಹಾರಾಟಕ್ಕೆ, ದೇಶದ ಗಡಿ ದಾಟುವ ಹಾರಾಟಕ್ಕೆ, ಹುಡುಕಾಟ ಮತ್ತು ರಕ್ಷಣೆಗೆ ಅಥವಾ ಸೇನೆಯ ಜೊತೆ ಹೊಂದಾಣಿಕೆಗೆ ಬೇಕು ಅಂತ ಆಯಾ ದೇಶ ಗುರುತಿಸಿದ ಪ್ರದೇಶದಲ್ಲಿ ಹಾರುವುದಕ್ಕೆ ಪ್ಲಾನ್ ಕೊಡಲೇಬೇಕು. ಇದರಲ್ಲಿ ವಿಮಾನ ದೊಡ್ಡದೋ ಸಣ್ಣದೋ ಅನ್ನೋ ಮಾತೇ ಇಲ್ಲ.

ಸೇನೆಯ ಜೊತೆ ಹೊಂದಾಣಿಕೆ ಅನ್ನೋ ಮಾತು ನಮ್ಮ ದೇಶದಲ್ಲಿ ಬಹಳ ಮುಖ್ಯ. ಎಡಿಸಿ ಅಂದರೆ ವಾಯು ರಕ್ಷಣೆಯವರ ಒಪ್ಪಿಗೆ. ನಿಮ್ಮ ಪ್ಲಾನ್ ವಾಯುಪಡೆಯವರ ಕೈಗೂ ಹೋಗುತ್ತದೆ, ಅವರು ನೋಡಿ ನಂಬರ್ ಕೊಡುತ್ತಾರೆ. ರಾಡಾರಿನಲ್ಲಿ ಒಂದು ಚುಕ್ಕೆ ಕಂಡಾಗ ಇದು ನಮ್ಮ ಹುಡುಗನದೇ ಅಂತ ಅವರಿಗೆ ಗೊತ್ತಿರಬೇಕಲ್ವಾ? ನಮ್ಮ ಸುತ್ತಮುತ್ತ ನೋಡಿ. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ಕೇಂದ್ರ, ಗೋವಾದ ದಾಬೋಲಿಮ್ ನೌಕಾಪಡೆಯದು, ಕಾರವಾರದಲ್ಲಿ ನೌಕಾನೆಲೆ. ಇಂಥ ಕಡೆ ಸುಮ್ನೆ ಹೊರಟುಬಿಡುವ ಹಾಗಿಲ್ಲ. ಎಫ್‌ಐಸಿ ಅಂದರೆ ಫ್ಲೈಟ್ ಇನ್ಫರ್ಮೇಷನ್ ಸೆಂಟರ್. ಅಲ್ಲಿಂದ ಬ್ರೀಫಿಂಗ್ ಪಡೆದು ನಂಬರ್ ತೆಗೆದುಕೊಳ್ಳಬೇಕು. ಎರಡೂ ನಂಬರ್ ಕೈಯಲ್ಲಿ ಬರೆದುಕೊಂಡ ಮೇಲೇ ವಿಮಾನದ ಹತ್ತಿರ ಹೋಗಿ.

ಹೊರಡುವ ಹೊತ್ತಿಗೆ ಕನಿಷ್ಠ 60 ನಿಮಿಷ ಮೊದಲು ಪ್ಲಾನ್ ಫೈಲ್ ಆಗಿರಬೇಕು. ತೀರಾ ಮುಂಚೆ ಕೊಡೋಕೂ ಮಿತಿ ಇದೆ, 120 ಗಂಟೆ, ಅಂದರೆ ಐದು ದಿನ. 60 ನಿಮಿಷ ಅಂದರೆ 60ನೇ ನಿಮಿಷಕ್ಕೆ ಕೊಡಿ ಅಂತಲ್ಲ. ಎಡಿಸಿ ಬರುವುದು ತಡವಾದರೆ ನಿಮ್ಮ ಸ್ಲಾಟ್ ಹೋಗುತ್ತದೆ, ಇನ್‌ಸ್ಟ್ರಕ್ಟರ್ ಮುಖ ಕೆಂಪಾಗುತ್ತದೆ.

ಪ್ರಶ್ನೆ: ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ಹೊರಡೋಣ ಅಂತ ನನ್ನ ಗೆಳೆಯ ಪ್ಲಾನ್ ಕೊಟ್ಟ. ಟವರ್‌ನವರು ‘ನಿನ್ನ ಪ್ಲಾನ್ ಮಧ್ಯಾಹ್ನಕ್ಕಿದೆ’ ಅಂದರಂತೆ. ಅವನು 0630 ಅಂತಲೇ ಬರೆದಿದ್ದಾನೆ. ಯಾರದು ತಪ್ಪು?
(ಗದಗ-ಬೆಟಗೇರಿ)

ಉತ್ತರ: ಟವರ್‌ನವರು ಸರಿಯಾಗೇ ಓದಿದ್ದಾರೆ. ಫ್ಲೈಟ್ ಪ್ಲಾನಿನಲ್ಲಿ ನಮ್ಮ ಗಡಿಯಾರದ ಸಮಯ ನಡೆಯೋದಿಲ್ಲ, ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಮಾತ್ರ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. 0630 ಅಂತ ಬರೆದರೆ ಮಧ್ಯಾಹ್ನ ಹನ್ನೆರಡು ಗಂಟೆ. ಬೆಳಿಗ್ಗೆ ಆರೂವರೆ ಬೇಕಾದರೆ 0100 ಅಂತ ಬರೆಯಬೇಕಿತ್ತು.

ಆದರೆ 0100 ಅಂತ ಬರೆದಿದ್ದರೂ ನಿಮ್ಮ ಗೆಳೆಯನಿಗೆ ಆವತ್ತು ಹೊರಡೋಕೆ ಆಗ್ತಿರಲಿಲ್ಲ. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟೋದು ಏಳು ಗಂಟೆ ಆಸುಪಾಸು. ಕಣ್ಣಿಂದ ನೋಡಿ ಹಾರುವ ವಿಎಫ್‌ಆರ್ ಹಾರಾಟ ನಮ್ಮ ದೇಶದಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಇಲ್ಲ. ಲೋಕಲ್ ಹಾರಾಟಕ್ಕೆ, ಫ್ಲೈಯಿಂಗ್ ಕ್ಲಬ್ಬಿನ ತರಬೇತಿಗೆ ಎಟಿಸಿ ಬೇರೆಯಾಗಿ ಒಪ್ಪಿದರೆ ಅದು ಬೇರೆ ಮಾತು. ಸೂರ್ಯೋದಯ, ಸೂರ್ಯಾಸ್ತದ ಪಟ್ಟಿ ಎಐಪಿ ಅನ್ನೋ ಸರಕಾರಿ ವಿಮಾನಯಾನ ಪುಸ್ತಕದ ಜನರಲ್ ಭಾಗದಲ್ಲಿ 2.7ರಲ್ಲಿ ಸಿಗುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ಹೊರಡುವ ಹೊತ್ತು ಗೊತ್ತು ಮಾಡಿ. ಸೂರ್ಯ ಹುಟ್ಟಿದ ಮೇಲೂ ಮಂಜು ಇರಬಹುದು. ಕಂಟ್ರೋಲ್ ಝೋನಿನ ಏರ್‌ಪೋರ್ಟಿನಿಂದ ವಿಎಫ್‌ಆರ್‌ನಲ್ಲಿ ಏಳಬೇಕಾದರೆ ನೆಲದ ಮೇಲೆ ಕನಿಷ್ಠ 5 ಕಿಲೋಮೀಟರ್ ದೂರ ಕಾಣಬೇಕು, ಮೋಡದ ಸೀಲಿಂಗ್ 1,500 ಅಡಿಗಿಂತ ಕೆಳಗಿರಬಾರದು.

ಇನ್ನೊಂದು ತೊಡಕು ತಾರೀಕಿನದು. ನಮ್ಮ ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಐದೂವರೆಯವರೆಗೆ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನವೇ ನಡೆಯುತ್ತಿರುತ್ತದೆ. ಹಗಲು ಹಾರುವವರಿಗೆ ಪ್ಲಾನಿನಲ್ಲಿ ಇದು ಅಷ್ಟಾಗಿ ತಾಗೋದಿಲ್ಲ, ನೋಟಾಮ್ ಓದುವಾಗ ಮಾತ್ರ ಸರಿಯಾಗಿ ಕೈ ಕೊಡುತ್ತದೆ. ಅದನ್ನು ಕೆಳಗೆ ಹೇಳುತ್ತೇನೆ.

ಪ್ರಶ್ನೆ: ನಮ್ಮ ಬ್ಯಾಚಿನಲ್ಲಿ ಎಲ್ಲರೂ ಸೀನಿಯರ್ ಒಬ್ಬರ ಹಳೇ ಪ್ಲಾನ್ ಇಟ್ಟುಕೊಂಡು ತಾರೀಕು, ಸಮಯ ಬದಲಿಸಿ ಕೊಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಒಂದೊಂದು ಕಾಲಂ ಏನು ಅಂತ ನಮ್ಮೂರಿನದೇ ಉದಾಹರಣೆ ಕೊಟ್ಟು ಬಿಡಿಸಿ ಹೇಳುತ್ತೀರಾ?
(ಸಪ್ತಾಪುರ, ಧಾರವಾಡ)

ಉತ್ತರ: ಇಂಥ ಪ್ರಶ್ನೆ ಕೇಳಿದ್ದಕ್ಕೇ ನಿಮ್ಮ ಮೇಲೆ ವಿಶ್ವಾಸ ಬಂತು ತಂಗಿ. ಕಾಪಿ ಹೊಡೆದ ಪ್ಲಾನು ಎಷ್ಟೋ ಸಲ ಪಾಸಾಗಿಬಿಡುತ್ತದೆ, ತೊಂದರೆ ಇರೋದೇ ಅಲ್ಲಿ. ಪ್ರತಿ ಕಾಲಂ ಬರೆಯುವಾಗ ಒಂದೇ ಪ್ರಶ್ನೆ ಹಾಕಿಕೊಳ್ಳಿ, ಇದನ್ನು ಆ ಕಡೆ ಓದುವವರು ಯಾರು, ಓದಿ ಏನು ಮಾಡುತ್ತಾರೆ?

ಅಭ್ಯಾಸಕ್ಕೆ ಅಂತ ಕಾಗದದ ಮೇಲೆ ಹುಬ್ಬಳ್ಳಿಯಿಂದ ಹೊರಟು ಗದಗ, ಹಾವೇರಿ ಮೇಲೆ ಹಾದು ಹುಬ್ಬಳ್ಳಿಗೇ ಇಳಿಯುವ ಒಂದು ಸುತ್ತು ಹಾಕೋಣ. ಹುಬ್ಬಳ್ಳಿಯ ಐಕಾವೋ ಸಂಕೇತ ವಿಒಎಚ್‌ಬಿ. ಟಿಕೆಟ್ ಮೇಲೆ ಬರುವ ಎಚ್‌ಬಿಎಕ್ಸ್ ಇಲ್ಲಿ ನಡೆಯೋದಿಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಸುಮಾರು 32 ನಾಟಿಕಲ್ ಮೈಲಿ, ಗದಗಿನಿಂದ ಹಾವೇರಿಗೆ ಸುಮಾರು 40, ಅಲ್ಲಿಂದ ವಾಪಸ್ ಸುಮಾರು 39. ಒಟ್ಟು 111.

ಏಳನೇ ಕಾಲಂನಲ್ಲಿ ವಿಮಾನದ ಗುರುತು. ವಿಟಿ ಅಂತ ಶುರುವಾಗುವ ನೋಂದಣಿ, ನಡುವಿನ ಗೀಟು ಬಿಟ್ಟು ಬರೆಯಬೇಕು. ಏಳು ಅಕ್ಷರಕ್ಕಿಂತ ಜಾಸ್ತಿ ಇಲ್ಲ. ಎಂಟರಲ್ಲಿ ನಿಯಮ ಮತ್ತು ಹಾರಾಟದ ಬಗೆ. ವಿಎಫ್‌ಆರ್‌ಗೆ ವಿ, ಉಪಕರಣ ನೋಡಿ ಹಾರುವ ಐಎಫ್‌ಆರ್‌ಗೆ ಐ, ಐಎಫ್‌ಆರ್‌ನಲ್ಲಿ ಹೊರಟು ಆಮೇಲೆ ವಿಎಫ್‌ಆರ್‌ಗೆ ಬದಲಾದರೆ ವೈ, ಅದರ ಉಲ್ಟಾ ಆದರೆ ಝಡ್. ಪಕ್ಕದಲ್ಲಿ ಜನರಲ್ ಏವಿಯೇಷನ್‌ಗೆ ಜಿ. ಒಂಬತ್ತರಲ್ಲಿ ವಿಮಾನದ ಮಾದರಿ ಮತ್ತು ಅದರ ಹಿಂದೆ ಏಳುವ ಸುಳಿಗಾಳಿಯ ವರ್ಗ. 7,000 ಕಿಲೋ ಒಳಗಿದ್ದರೆ ಎಲ್. ಸೆಸ್ನಾ 172ಕ್ಕೆ ಸಿ172, ಎಲ್. ಇದನ್ನು ಓದುವವರು ಕಂಟ್ರೋಲರ್. ದೊಡ್ಡ ವಿಮಾನದ ಹಿಂದೆ ನಿಮ್ಮನ್ನು ಎಷ್ಟು ದೂರ ಇಡಬೇಕು ಅನ್ನೋದು ಇದರಿಂದ ತೀರ್ಮಾನ ಆಗುತ್ತದೆ.

ಹತ್ತನೇ ಕಾಲಂ ಕಾಪಿ ಹೊಡೆಯುವವರು ಸಿಕ್ಕಿಬೀಳುವ ಜಾಗ. ವಿಮಾನದಲ್ಲಿ ಏನೇನು ಉಪಕರಣ ಇದೆ, ಮತ್ತು ಅದು ಇವತ್ತು ಕೆಲಸ ಮಾಡುತ್ತಿದೆಯಾ ಅಂತ ಹೇಳುವ ಜಾಗ ಅದು. ಎಸ್ ಅಂತ ಬರೆದರೆ ವಿಎಚ್‌ಎಫ್ ರೇಡಿಯೋ, ದಿಕ್ಕು ತೋರುವ ವಿಓಆರ್, ಇಳಿಯಲು ದಾರಿ ತೋರುವ ಐಎಲ್‌ಎಸ್ ಮೂರೂ ಇವೆ ಅಂತ. 2012ರ ನವೆಂಬರ್ 15ಕ್ಕೆ ಹೊಸ ನಮೂನೆ ಬರುವ ಮೊದಲು ಈ ಎಸ್ ಒಳಗೆ ಎಡಿಎಫ್ ಅನ್ನೋ ದಿಕ್ಕುಸೂಚಕ ರೇಡಿಯೋ ಕೂಡ ಸೇರಿತ್ತು, ಈಗ ಇಲ್ಲ. ಎಡಿಎಫ್ ಇದ್ದರೆ ಎಫ್ ಅಂತ ಬೇರೆ ಬರೆಯಬೇಕು. ಹಳೇ ನೋಟ್ಸ್ ಓದುವವರಿಗೆ ಇದು ತಿಳಿಯೋದೇ ಇಲ್ಲ. ಜಿಪಿಎಸ್ ಇದ್ದರೆ ಜಿ. ಓರೆಗೆರೆ ಎಳೆದು, ರಾಡಾರಿಗೆ ಉತ್ತರ ಕೊಡುವ ಟ್ರಾನ್ಸ್‌ಪಾಂಡರ್: ಎತ್ತರವನ್ನೂ ತಿಳಿಸುವ ಮೋಡ್ ಸಿ ಇದ್ದರೆ ಸಿ. ನಿಮ್ಮ ಸೀನಿಯರ್ ಹಾರಿಸಿದ ವಿಮಾನದಲ್ಲಿ ಐಎಲ್‌ಎಸ್ ಇತ್ತು, ನಿಮ್ಮದರಲ್ಲಿ ಕೆಟ್ಟಿದೆ ಅಂತ ಇಟ್ಟುಕೊಳ್ಳಿ. ಮೋಡ ಕವಿದಾಗ ಕಂಟ್ರೋಲರ್ ನಿಮ್ಮ ಕಾಗದ ನೋಡಿಯೇ ದಾರಿ ತೋರಿಸಲು ಹೊರಡುತ್ತಾರೆ.

ಹದಿಮೂರರಲ್ಲಿ ಹೊರಡುವ ಜಾಗ, ಸಮಯ. ಈ ಸಮಯ ರನ್‌ವೇ ಬಿಟ್ಟು ಏಳುವ ಹೊತ್ತಲ್ಲ, ನಿಂತ ಜಾಗದಿಂದ ವಿಮಾನ ಅಲುಗುವ ಹೊತ್ತು.

ಹದಿನೈದರಲ್ಲಿ ವೇಗ, ಎತ್ತರ, ದಾರಿ. 100 ನಾಟ್, ಅಂದರೆ ಗಂಟೆಗೆ 100 ನಾಟಿಕಲ್ ಮೈಲಿ ಆದರೆ ಎನ್0100. ಇಲ್ಲಿ ಬರೆಯೋದು ಗಾಳಿಯಲ್ಲಿನ ನಿಜವೇಗ, ಮೀಟರಿನಲ್ಲಿ ಕಾಣುವ ವೇಗ ಅಲ್ಲ. ಎತ್ತರಕ್ಕೆ ಸ್ವಲ್ಪ ತಲೆ ಓಡಿಸಬೇಕು. ನೆಲದಿಂದ 3,000 ಅಡಿಗಿಂತ ಮೇಲೆ ಸಮಮಟ್ಟದಲ್ಲಿ ಹೋಗುವ ವಿಎಫ್‌ಆರ್ ವಿಮಾನಗಳು, ಮ್ಯಾಗ್ನೆಟಿಕ್ ದಿಕ್ಕು 000ರಿಂದ 179ರ ಒಳಗಿದ್ದರೆ ಬೆಸ ಸಾವಿರ ಕೂಡಿಸು 500, 180ರಿಂದ 359 ಆದರೆ ಸರಿ ಸಾವಿರ ಕೂಡಿಸು 500ರಲ್ಲಿ ಹೋಗಬೇಕು. ಹುಬ್ಬಳ್ಳಿ ಏರ್‌ಪೋರ್ಟೇ ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಗದಗಿಗೆ ಹೋಗುವಾಗ ದಿಕ್ಕು ಪೂರ್ವ, ಹಾಗಾಗಿ 5,500. ಗದಗಿನಿಂದ ಹಾವೇರಿಗೆ ತಿರುಗಿದ ಕೂಡಲೇ ದಿಕ್ಕು 180 ದಾಟುತ್ತದೆ, 6,500ಕ್ಕೆ ಏರಬೇಕು. ಹಾವೇರಿಯಿಂದ ವಾಪಸ್ ಬರುವಾಗ ವಾಯವ್ಯ ದಿಕ್ಕು, ಅದೇ 6,500 ಸಾಕು. ಈ ಬದಲಾವಣೆಯನ್ನು ಪ್ಲಾನಿನಲ್ಲೇ, ಬದಲಾಗುವ ಜಾಗದ ಮುಂದೆ ಓರೆಗೆರೆ ಎಳೆದು ಹೊಸ ವೇಗ, ಎತ್ತರ ಬರೆದು ತೋರಿಸಬೇಕು. ಎತ್ತರದ ಅಂಕಿಗೆ ಮೊದಲು ಎ ಅಕ್ಷರ ಹಾಕಬೇಕೋ ಎಫ್ ಹಾಕಬೇಕೋ ಅನ್ನೋದು ಆ ಜಾಗದ ಟ್ರಾನ್ಸಿಷನ್ ಆಲ್ಟಿಟ್ಯೂಡ್ ಮೇಲೆ ನಿಂತಿದೆ. ಅದರ ಕೆಳಗಿದ್ದರೆ ಎ, ಮೇಲೆ ಹೋದರೆ ಫ್ಲೈಟ್ ಲೆವೆಲ್, ಅಂದರೆ ಎಫ್.

ಗದಗ ಅಂತ ಊರಿನ ಹೆಸರು ಬರೆದರೆ ಕಂಪ್ಯೂಟರಿಗೆ ಗೊತ್ತಾಗೋದಿಲ್ಲ. ಅಕ್ಷಾಂಶ ನಾಲ್ಕು ಅಂಕಿ, ರೇಖಾಂಶ ಐದು ಅಂಕಿ. ಗದಗ 1526ಎನ್07538ಇ, ಹಾವೇರಿ 1448ಎನ್07524ಇ. ರೇಖಾಂಶದ ಮುಂದಿನ ಸೊನ್ನೆ ಬಿಟ್ಟರೆ ಪ್ಲಾನು ವಾಪಸ್ ಬರುತ್ತದೆ. ಎರಡು ಜಾಗದ ನಡುವೆ ನಿಗದಿತ ಮಾರ್ಗ ಇಲ್ಲದಿದ್ದರೆ ಡಿಸಿಟಿ, ಅಂದರೆ ನೇರ.

ಹದಿನಾರರಲ್ಲಿ ಇಳಿಯುವ ಜಾಗ, ಒಟ್ಟು ಹಿಡಿಯುವ ಹೊತ್ತು, ಬದಲಿ ಏರ್‌ಪೋರ್ಟ್. 111 ಮೈಲಿಗೆ 100 ನಾಟ್‌ನಲ್ಲಿ ಒಂದು ಗಂಟೆ ಏಳು ನಿಮಿಷ ಆಗುತ್ತದೆ. ಏರುವುದು, ಎದುರು ಗಾಳಿ ಎಲ್ಲ ಸೇರಿಸಿ 0115 ಅಂತ ಬರೆಯಬಹುದು. ಬದಲಿಗೆ ಬೆಳಗಾವಿ, ವಿಒಬಿಎಮ್.

ಹದಿನೆಂಟರಲ್ಲಿ ಉಳಿದ ಮಾಹಿತಿ. ಏನೂ ಇಲ್ಲದಿದ್ದರೆ ಖಾಲಿ ಬಿಡಬಾರದು, ಸೊನ್ನೆ ಬರೆಯಬೇಕು. ಮುಂದಿನ ದಿನಕ್ಕೆ ಈಗಲೇ ಕೊಡುವುದಾದರೆ ಡಿಓಎಫ್ ಮುಂದೆ ತಾರೀಕು ಬೇಕು. ವರ್ಷ, ತಿಂಗಳು, ದಿನ ಅನ್ನೋ ಕ್ರಮ, ನಾವು ಬರೆಯುವುದಕ್ಕೆ ಉಲ್ಟಾ.

ಈಗ ಹತ್ತೊಂಬತ್ತು. ನನ್ನ ಲೆಕ್ಕದಲ್ಲಿ ಇಡೀ ಫಾರ್ಮಿನಲ್ಲಿ ಇದಕ್ಕಿಂತ ಮುಖ್ಯವಾದ ಕಾಲಂ ಇಲ್ಲ, ಹುಡುಗರು ಅತಿ ಬೇಗ ತುಂಬೋದೂ ಇದನ್ನೇ. ಇಂಧನ ಎಷ್ಟು ಹೊತ್ತಿಗಿದೆ, ಒಳಗೆ ಎಷ್ಟು ಜನ, ಎಮರ್ಜೆನ್ಸಿ ರೇಡಿಯೋ ಏನಿದೆ, ವಿಮಾನದ ಬಣ್ಣ ಯಾವುದು, ಪೈಲಟ್ ಹೆಸರು. ಇದು ಉಳಿದ ಪ್ಲಾನಿನ ಜೊತೆ ಎಲ್ಲ ಕಡೆ ಹೋಗೋದಿಲ್ಲ. ಫೈಲ್ ಮಾಡಿದ ಕಡೆಯೇ ಇರುತ್ತದೆ, ಬೇಕಾದಾಗ ಕೇಳಿ ತರಿಸಿಕೊಳ್ಳುತ್ತಾರೆ. ಬೇಕಾಗೋದು ಯಾವಾಗ? ನೀವು ಕಾಣೆಯಾದಾಗ. ಕಪ್ಪತಗುಡ್ಡದ ಮೇಲೆ ಹುಡುಕುವವರು ಬಿಳಿ ವಿಮಾನ ಹುಡುಕಬೇಕೋ ಹಳದಿಯದೋ, ಇಬ್ಬರು ಸಿಗಬೇಕೋ ಒಬ್ಬರೋ, ಎಲ್ಲ ಈ ಕಾಲಂ ನೋಡಿಯೇ ಗೊತ್ತು ಮಾಡಿಕೊಳ್ಳಬೇಕು. ಇನ್ನೊಂದು ವಿಚಿತ್ರ ಗಮನಿಸಿ. ಇಲ್ಲಿ ರೇಡಿಯೋ ಮತ್ತು ಜೀವರಕ್ಷಕ ಸಾಮಾನಿನ ಅಕ್ಷರಗಳು ಮೊದಲೇ ಅಚ್ಚಾಗಿರುತ್ತವೆ. ಇರುವುದಕ್ಕೆ ಟಿಕ್ ಹಾಕೋದಲ್ಲ, ಇಲ್ಲದ್ದನ್ನು ಹೊಡೆದು ಹಾಕಬೇಕು. ಹಾಗೇ ಬಿಟ್ಟರೆ ನಿಮ್ಮ ಪುಟ್ಟ ಸೆಸ್ನಾದಲ್ಲಿ ಧ್ರುವ ಪ್ರದೇಶದ ಸಾಮಾನಿನಿಂದ ಹಿಡಿದು ರಬ್ಬರ್ ದೋಣಿಯವರೆಗೆ ಎಲ್ಲ ಇದೆ ಅಂತ ಅರ್ಥ.

ಇಂಧನದ ಬಗ್ಗೆ ಒಂದು ಮಾತು. ಹಗಲು ವಿಎಫ್‌ಆರ್‌ನಲ್ಲಿ ಗುರಿ ಮುಟ್ಟಿದ ಮೇಲೂ ಕನಿಷ್ಠ 30 ನಿಮಿಷ ಹಾರುವಷ್ಟು ಇರಬೇಕು. ಶಾಲೆಯವರು ಇನ್ನೂ ಜಾಸ್ತಿ ಕೇಳಿದರೆ ಅವರ ಮಾತೇ ಕೇಳಿ.

ಪ್ರಶ್ನೆ: ನನ್ನ ಮಗ ಪೈಲಟ್ ಟ್ರೇನಿಂಗ್‌ನಲ್ಲಿದ್ದಾನೆ. ಎಐಪಿ, ನೋಟಾಮ್, ಆ ಆ್ಯಪ್, ಈ ಆ್ಯಪ್ ಅಂತ ಆಗಾಗ ದುಡ್ಡು ಕೇಳುತ್ತಾನೆ. ಹೊಲ ಮಾಡುವವರು ನಾವು, ಇದೇನು ಅಂತ ತಿಳಿಯುವುದಿಲ್ಲ. ನಿಜವಾಗಲೂ ಇದಕ್ಕೆಲ್ಲ ದುಡ್ಡು ಕಟ್ಟಬೇಕೇ?
(ಲಕ್ಷ್ಮೇಶ್ವರ, ಗದಗ ಜಿಲ್ಲೆ)

ಉತ್ತರ: ಅಣ್ಣಾವ್ರೆ, ಮೂಲ ಮಾಹಿತಿಗೆ ಒಂದು ರೂಪಾಯಿಯೂ ಬೇಡ. ಎಐಪಿ ಅಂದರೆ ದೇಶದ ಎಲ್ಲ ವಿಮಾನ ನಿಲ್ದಾಣ, ಆಕಾಶದ ಮಾರ್ಗ, ನಿಯಮಗಳನ್ನು ಒಟ್ಟುಗೂಡಿಸಿದ ಸರಕಾರಿ ಪುಸ್ತಕ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಅದನ್ನು ತನ್ನ ಏಮ್ ಇಂಡಿಯಾ ತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಹವಾಮಾನದ ಬ್ರೀಫಿಂಗ್ ಹವಾಮಾನ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಸಿಗುತ್ತದೆ. ಆ್ಯಪ್‌ಗಳು ಇದೇ ಮಾಹಿತಿಯನ್ನು ಚಂದ ಮಾಡಿ ತೋರಿಸುತ್ತವೆ, ಅನುಕೂಲ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಕಲಿಯುವ ಹುಡುಗ ಮೊದಲು ಮೂಲದಲ್ಲೇ ಹುಡುಕಿ ಓದೋದು ಕಲಿಯಲಿ.

ಮಗನಿಗೆ ಈ ಪುಟ ತೋರಿಸಿ. ಎಐಪಿಗೆ ಮೂರು ಭಾಗ: ಜನರಲ್, ಎನ್‌ರೂಟ್, ಏರೋಡ್ರೋಮ್. ಯಾವುದಾದರೂ ಏರ್‌ಪೋರ್ಟಿಗೆ ಹೋಗುವ ಮೊದಲು ಅದರ ಏರೋಡ್ರೋಮ್ 2ನೇ ಅಧ್ಯಾಯ ತೆಗೆದು, 2.3ರಲ್ಲಿ ಅದು ತೆರೆದಿರುವ ಹೊತ್ತು, 2.4ರಲ್ಲಿ ಯಾವ ಇಂಧನ ಸಿಗುತ್ತದೆ, 2.10ರಲ್ಲಿ ಸುತ್ತಲಿನ ಅಡೆತಡೆ, 2.12ರಲ್ಲಿ ರನ್‌ವೇ, 2.18ರಲ್ಲಿ ರೇಡಿಯೋ ಫ್ರೀಕ್ವೆನ್ಸಿ ನೋಡಬೇಕು. ಇಂಧನದ್ದು ತಮಾಷೆಯಲ್ಲ. ಜೆಟ್ ಇಂಧನ ಇರುವ ಎಲ್ಲ ಕಡೆ ಸಣ್ಣ ಪಿಸ್ಟನ್ ಎಂಜಿನ್ನಿಗೆ ಬೇಕಾದ ಏವ್‌ಗ್ಯಾಸ್ ಸಿಗೋದಿಲ್ಲ. ಎನ್‌ರೂಟ್ ಭಾಗದ 5.1ರಲ್ಲಿ ನಿಷೇಧಿತ, ನಿರ್ಬಂಧಿತ, ಅಪಾಯದ ಪ್ರದೇಶಗಳು, 5.4ರಲ್ಲಿ ದಾರಿಯಲ್ಲಿರುವ ಎತ್ತರದ ಅಡ್ಡಿಗಳು, 5.6ರಲ್ಲಿ ಹಕ್ಕಿಗಳ ವಲಸೆ.

ನಿಮ್ಮ ಊರಿನವರಿಗೆ ಈ ಕೊನೆಯ ಎರಡು ಯಾಕೆ ಬೇಕು ಅಂತ ನಾನು ಹೇಳಬೇಕಾಗಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ನಿಂತ ಗಾಳಿಯಂತ್ರಗಳನ್ನು ದಿನಾ ನೋಡುತ್ತೀರಿ. ಗುಡ್ಡದ ಎತ್ತರ, ಅದರ ಮೇಲೆ ಕಂಬ, ಅದರ ಮೇಲೆ ತಿರುಗುವ ರೆಕ್ಕೆ. ಮೋಡ ಇಳಿದ ದಿನ ಕೆಳಗೆ ಹಾರುವವನಿಗೆ ಇದಕ್ಕಿಂತ ಕೆಟ್ಟ ಜಾಗ ಬೇಕಾ? ಚಳಿಗಾಲದಲ್ಲಿ ನಿಮ್ಮ ಪಕ್ಕದ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಂಡು ಹಿಂಡಾಗಿ ಬರುತ್ತವೆ. 2024ರಲ್ಲಿ ಆ ಕೆರೆ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬೆಳಿಗ್ಗೆ ಸಂಜೆ ಮೇವಿಗೆ ಹೊಲದ ಕಡೆ ಹಾರುವ ಹೊತ್ತಿನಲ್ಲಿ ಆ ಕೆರೆ ಮೇಲೆ ತಗ್ಗಿನಲ್ಲಿ ಹೋಗಬಾರದು ಅಂತ ಯಾವ ಆ್ಯಪ್‌ಗಿಂತ ಮೊದಲು ನೀವೇ ಮಗನಿಗೆ ಹೇಳಬಲ್ಲಿರಿ.

ಪುಸ್ತಕ ಹಳೆಯದಾಗದ ಹಾಗೆ ನೋಡಿಕೊಳ್ಳಲು ಏರಾಕ್ ಅನ್ನುವ ಏರ್ಪಾಡು ಇದೆ. ಜಗತ್ತಿನಾದ್ಯಂತ 28 ದಿನಕ್ಕೊಮ್ಮೆ, ಯಾವಾಗಲೂ ಗುರುವಾರವೇ, ದೊಡ್ಡ ಬದಲಾವಣೆಗಳು ಜಾರಿಗೆ ಬರುತ್ತವೆ. ಮೂರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ನಡೆಯುವ ತಾತ್ಕಾಲಿಕ ಬದಲಾವಣೆ ಎಐಪಿ ಸಪ್ಲಿಮೆಂಟಿನಲ್ಲಿ ಬರುತ್ತದೆ. ಇವತ್ತು ನಾಳೆಯ ತುರ್ತಿನದು ನೋಟಾಮ್‌ನಲ್ಲಿ. ಹೀಗಾಗಿ ಅಂಗಡಿಯಲ್ಲಿ ಅಚ್ಚಾದ ಪುಸ್ತಕ ಕೊಂಡರೆ ಪರೀಕ್ಷೆಗೆ ಸರಿ, ಹಾರೋದಕ್ಕೆ ಬೇಡ.

ಪ್ರಶ್ನೆ: ನೋಟಾಮ್ ಓದಲು ಕೂತರೆ ತಲೆ ಕೆಡುತ್ತದೆ. ಎಲ್ಲ ದಪ್ಪಕ್ಷರ, ಎಲ್ಲ ಸಂಕೇತ. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಮೊದಲು ಕ್ಯೂ ಸಾಲು ನೋಡಿ. ಕ್ಯೂ ಅಕ್ಷರದ ಮುಂದಿನ ಎರಡು ಅಕ್ಷರ ಯಾವುದರ ಬಗ್ಗೆ ಅಂತ, ಅದರ ಮುಂದಿನ ಎರಡು ಏನಾಗಿದೆ ಅಂತ. ಎಂಆರ್ ಅಂದರೆ ರನ್‌ವೇ, ಎಲ್‌ಸಿ ಅಂದರೆ ಮುಚ್ಚಿದೆ. ಎನ್‌ವಿ ಅಂದರೆ ವಿಓಆರ್, ಎಎಸ್ ಅಂದರೆ ಕೆಟ್ಟಿದೆ. ಆ ಸಾಲಿನ ಕೊನೆಯಲ್ಲಿ ನಡುಬಿಂದುವಿನ ಅಕ್ಷಾಂಶ ರೇಖಾಂಶ ಮತ್ತು ಅದರ ಸುತ್ತ ಎಷ್ಟು ನಾಟಿಕಲ್ ಮೈಲಿ ಅಂತ ಇರುತ್ತದೆ. ನಿಮ್ಮ ದಾರಿ ಆ ವೃತ್ತದ ಒಳಗೆ ಬರದಿದ್ದರೆ ಮುಂದಕ್ಕೆ ಹೋಗಿ.

ಬಿ ಅಂದರೆ ಶುರು, ಸಿ ಅಂದರೆ ಮುಗಿಯೋದು, ಡಿ ಅಂದರೆ ನಡುವೆ ಯಾವ ಯಾವ ಹೊತ್ತಿಗೆ. ಒಂದು ಮಾದರಿ ಮಾಡಿ ನೋಡೋಣ. ರನ್‌ವೇ ಮುಚ್ಚಿದೆ ಅಂತ ಇದೆ, ಬಿ ಮುಂದೆ 2601112330, ಸಿ ಮುಂದೆ 2601160330, ಡಿ ಮುಂದೆ ದಿನಾ 2330ರಿಂದ 0330. ಅವಸರದಲ್ಲಿ ಓದಿದವರಿಗೆ ‘ಹನ್ನೊಂದನೇ ತಾರೀಕು ರಾತ್ರಿ ಹನ್ನೊಂದೂವರೆಗೆ ಶುರು, ರಾತ್ರಿ ಕೆಲಸ, ನಮಗೇನು’ ಅನ್ನಿಸುತ್ತದೆ. ಐದೂವರೆ ಗಂಟೆ ಕೂಡಿಸಿ. ಅದು ಹನ್ನೆರಡನೇ ತಾರೀಕು ಬೆಳಿಗ್ಗೆ ಐದರಿಂದ ಒಂಬತ್ತು, ಹದಿನಾರರವರೆಗೆ ದಿನಾ. ಅಂದರೆ ಗಾಳಿ ತಣ್ಣಗಿದ್ದು ಸ್ಟೂಡೆಂಟ್‌ಗಳು ಹಾರಲು ಕಾಯುವ ಹೊತ್ತೇ ಮುಚ್ಚಿದೆ. ಮೇಲೆ ತಾರೀಕಿನ ತೊಡಕು ಅಂದದ್ದು ಇದನ್ನೇ.

ಸಿ ಮುಂದೆ ಸಮಯದ ಪಕ್ಕ ಇಎಸ್‌ಟಿ ಅಂತ ಇದ್ದರೆ ಅದು ಅಂದಾಜು. ಆ ಹೊತ್ತು ದಾಟಿತು, ರನ್‌ವೇ ತೆರೆದಿರಬೇಕು ಅಂದುಕೊಳ್ಳಬೇಡಿ. ಅದನ್ನು ಬದಲಿಸುವ ಅಥವಾ ರದ್ದು ಮಾಡುವ ನೋಟಾಮ್ ಬರುವವರೆಗೆ ಹಳೆಯದೇ ಜಾರಿಯಲ್ಲಿರುತ್ತದೆ. ಹೊರಡುವ ಹಿಂದಿನ ರಾತ್ರಿ ಒಮ್ಮೆ, ಹೊರಡುವ ಮೊದಲು ಇನ್ನೊಮ್ಮೆ ನೋಡಿ. ಇಳಿಯುವ ಏರ್‌ಪೋರ್ಟಿನದು ಮಾತ್ರ ನೋಡಿ ಬದಲಿ ಏರ್‌ಪೋರ್ಟಿನದು ಬಿಡುವವರೇ ಜಾಸ್ತಿ. ಬದಲಿ ಬೇಕಾಗುವ ದಿನ ಅದೂ ಮುಚ್ಚಿದ್ದರೆ ಎಲ್ಲಿಗೆ ಹೋಗುತ್ತೀರಿ?

ಪ್ರಶ್ನೆ: ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಬೇಕಾದ 300 ನಾಟಿಕಲ್ ಮೈಲಿಯ ಕ್ರಾಸ್‌ಕಂಟ್ರಿಗೆ ತಯಾರಾಗುತ್ತಿದ್ದೇನೆ. ನಡುವೆ ಎರಡು ಕಡೆ ಇಳಿಯಬೇಕು. ಒಂದೇ ಪ್ಲಾನ್ ಸಾಕಾ? ಹೊರಡೋದು ತಡವಾದರೆ ಏನು? ಇಳಿದ ಮೇಲೆ ಏನಾದರೂ ಮಾಡಬೇಕಾ?
(ಹಾವೇರಿ)

ಉತ್ತರ: ಒಂದು ಸಾಲದು. ಪೂರ್ತಿ ಇಳಿದು ನಿಂತ ಮೇಲೆ ಆ ಪ್ಲಾನ್ ಮುಗಿಯಿತು. ಪ್ರತಿ ಹಂತಕ್ಕೂ ಬೇರೆ ಪ್ಲಾನ್ ಕೊಡಿ.

ತಡವಾದರೆ ಲೆಕ್ಕ ಹೀಗೆ. ಕಂಟ್ರೋಲ್ ಸೇವೆಯಲ್ಲಿರುವ ಹಾರಾಟ 30 ನಿಮಿಷಕ್ಕಿಂತ ಜಾಸ್ತಿ ತಡವಾದರೆ, ಕಂಟ್ರೋಲ್ ಇಲ್ಲದ್ದು 60 ನಿಮಿಷಕ್ಕಿಂತ ಜಾಸ್ತಿ ತಡವಾದರೆ, ಸಮಯ ತಿದ್ದಿ ತಿಳಿಸಬೇಕು, ಇಲ್ಲವೇ ಹಳೆಯದನ್ನು ರದ್ದು ಮಾಡಿ ಹೊಸದು ಕೊಡಬೇಕು. ಎಡಿಸಿ ನಂಬರ್ ಇನ್ನೂ ನಡೆಯುತ್ತದಾ ಅಂತಲೂ ಆಗಲೇ ಕೇಳಿಕೊಳ್ಳಿ. ಮೊದಲ ಊರಿನಲ್ಲಿ ಚಹಾ ಕುಡಿಯುತ್ತಾ ಮುಕ್ಕಾಲು ಗಂಟೆ ಕಳೆದವರಿಗೆ ಎರಡನೇ ಪ್ಲಾನ್ ಹಳಸಿರುತ್ತದೆ.

ಇಳಿದ ಮೇಲೆ ಇರೋದು ಎಲ್ಲಕ್ಕಿಂತ ಸಣ್ಣ ಕೆಲಸ, ಆದರೆ ಮರೆತರೆ ಊರೆಲ್ಲ ಗದ್ದಲ. ಟವರ್ ಇರುವ ಕಡೆ ಇಳಿದರೆ ಅವರೇ ನೋಡುತ್ತಾರೆ, ಮುಂದಿನದು ಅವರ ಕೆಲಸ. ಟವರ್ ಇಲ್ಲದ ಏರ್‌ಸ್ಟ್ರಿಪ್‌ನಲ್ಲಿ ಇಳಿದರೆ ಮುಟ್ಟಿದೆ ಅಂತ ನೀವೇ ತಿಳಿಸಬೇಕು. ಮಗ ಬೆಂಗಳೂರಿಗೆ ಬಸ್ ಹತ್ತಿದಾಗ ‘ಮುಟ್ಟಿದ ಮೇಲೆ ಫೋನ್ ಮಾಡು’ ಅಂತ ಅವ್ವ ಹೇಳುತ್ತಾಳಲ್ಲ, ಹಾಗೇ. ವ್ಯತ್ಯಾಸ ಏನೆಂದರೆ ಇಲ್ಲಿ ಕಾಯುವವರಿಗೆ ಗಡಿಯಾರ ಕಟ್ಟಿದ ನಿಯಮ ಇದೆ. ನೀವು ಮುಟ್ಟಬೇಕಾದ ಹೊತ್ತಿನಿಂದ 30 ನಿಮಿಷ ಕಳೆದರೂ ಸುದ್ದಿ ಇಲ್ಲದಿದ್ದರೆ ಇನ್ಸರ್ಫಾ, ಅಂದರೆ ಅನುಮಾನದ ಹಂತ ಶುರುವಾಗುತ್ತದೆ. ಫೋನ್, ರೇಡಿಯೋದಲ್ಲಿ ವಿಚಾರಿಸಿದರೂ ಸಿಗದಿದ್ದರೆ ಅಲರ್ಫಾ, ಆಮೇಲೆ ಡೆಟ್ರೆಸ್ಫಾ. ಅಷ್ಟೊತ್ತಿಗೆ ಹುಡುಕುವ ತಂಡ ಹೊರಡುತ್ತದೆ. ನೀವು ಹ್ಯಾಂಗರ್ ನೆರಳಲ್ಲಿ ಗಿರಮಿಟ್ ತಿನ್ನುತ್ತಾ ಕೂತಿರುತ್ತೀರಿ. ದಾರಿ ಬದಲಿಸಿ ಬೇರೆ ಕಡೆ ಇಳಿದರೆ ಮೊದಲು ಇಳಿಯಬೇಕಿದ್ದ ಏರ್‌ಪೋರ್ಟಿನವರಿಗೂ ಸುದ್ದಿ ಮುಟ್ಟುವ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಇದೆಲ್ಲ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಪರೀಕ್ಷೆಯಲ್ಲಿ ಯಾವ ಪೇಪರಿನಲ್ಲಿ ಬರುತ್ತದೆ?
(ಬ್ಯಾಡಗಿ)

ಉತ್ತರ: ಏರ್ ರೆಗ್ಯುಲೇಷನ್ಸ್‌ನಲ್ಲಿ. ಎತ್ತರ, ಸಮಯ, ದೂರದ ಲೆಕ್ಕ ನ್ಯಾವಿಗೇಷನ್‌ನಲ್ಲೂ ಬರುತ್ತದೆ. ಪಾಸಾಗಲು 70 ಪರ್ಸೆಂಟ್. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಬಂದಿದೆ. ಹಳೇ ಗೈಡ್ ಇಟ್ಟುಕೊಂಡವರು ಅದನ್ನು ಅಟ್ಟಕ್ಕೆ ಹಾಕಿ.

ಪ್ರಶ್ನೆ: ನಾನು ಮದುವೆ ಫೋಟೋಗ್ರಾಫರ್. ಡ್ರೋನ್ ಹಾರಿಸಲೂ ಫ್ಲೈಟ್ ಪ್ಲಾನ್ ಬೇಕಾ?
(ಧಾರವಾಡ)

ಉತ್ತರ: ನೀವು ಆ ಫಾರ್ಮ್ ತುಂಬಬೇಕಿಲ್ಲ, ಆದರೆ ಸರಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆ ನೋಡದೆ ಡ್ರೋನ್ ಎತ್ತಬೇಡಿ. 2021ರ ಡ್ರೋನ್ ನಿಯಮದ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ನಡೆಯುತ್ತಿರುವ ಏರ್‌ಪೋರ್ಟಿನ ಗಡಿಯಿಂದ 8 ಮತ್ತು 12 ಕಿಲೋಮೀಟರ್ ನಡುವೆ 200 ಅಡಿವರೆಗೆ ಮಾತ್ರ. 8 ಕಿಲೋಮೀಟರ್ ಒಳಗಾದರೆ ಅನುಮತಿ ಬೇಕು. ಹುಬ್ಬಳ್ಳಿ ಏರ್‌ಪೋರ್ಟ್ ಗೋಕುಲ ರಸ್ತೆಯಲ್ಲಿದೆ. ವಿದ್ಯಾನಗರದ, ನವನಗರದ ಕಲ್ಯಾಣ ಮಂಟಪಗಳು ಅದಕ್ಕೆ ತೀರಾ ಹತ್ತಿರ, ಧಾರವಾಡ ಊರೊಳಗಿನ ಮದುವೆ ಬೇರೆ ಲೆಕ್ಕ. ದುಡ್ಡಿಗೆ ಹಾರಿಸುವುದಾದರೆ ಡ್ರೋನಿನ ನೋಂದಣಿ ನಂಬರ್, ರಿಮೋಟ್ ಪೈಲಟ್ ಸರ್ಟಿಫಿಕೇಟ್ ಎರಡನ್ನೂ ಮಾಡಿಸಿಕೊಳ್ಳಿ. ವರನ ಕಡೆಯವರು ಎಷ್ಟೇ ಒತ್ತಾಯ ಮಾಡಲಿ, ಮಂಟಪ ಬುಕ್ ಆದ ದಿನವೇ ನಕ್ಷೆ ನೋಡಿ ಆಗುತ್ತೋ ಇಲ್ಲವೋ ಹೇಳಿಬಿಡಿ.